ಯೋಗರಾಜ ಮುಖ ಬಿಡಿಸಲು ಹೊರಟಿದ್ದು

ನಮ್ಮ ಬಸ್ಸಿನ ಕಂಡಕ್ಟರ್ ಯೋಗರಾಜನಿಗೆ ಚಿತ್ರ ಬಿಡಿಸುವ ಹುಚ್ಚು ಹಿಡಿದದ್ದು ನಲವತ್ತು ದಾಟಿದ ಮೇಲೆ. ಆ ವಯಸ್ಸಿನಲ್ಲಿ ಬೇರೆಯವರಿಗೆ ಬಿಪಿ ಶುರುವಾಗುತ್ತದೆ. ನಾನು ತಿಮ್ಮಣ್ಣ, ಅದೇ ಬಸ್ಸಿನ ಡ್ರೈವರ್. ಬೆಳಗ್ಗೆ ಸಾಗರ ಬಿಟ್ಟು ರಿಪ್ಪನ್‌ಪೇಟೆ, ಹೊಸನಗರ ದಾಟಿ ತೀರ್ಥಹಳ್ಳಿ ಮುಟ್ಟುವುದು, ಸಂಜೆ ಅದೇ ದಾರಿಯಲ್ಲಿ ವಾಪಸು ಬರುವುದು, ಇಷ್ಟೇ ನಮ್ಮಿಬ್ಬರ ಬದುಕು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಲೈನಿನವರೆಲ್ಲ ಹೇಳುತ್ತಾರೆ. ಯೋಗರಾಜನಂಥವನನ್ನು ಕಟ್ಟಿಕೊಂಡು ಅವರೂ ಒಂದು ವಾರ ಬಸ್ಸು ಓಡಿಸಲಿ, ಆಮೇಲೆ ಹೇಳಲಿ.

ಆಯುಧಪೂಜೆಗೆ ಮುಂಚೆ ಬಸ್ಸಿಗೆ ಹೊಸ ಪೇಂಟ್ ಹೊಡೆಸಬೇಕೆಂದು ಓನರ್ ರವಿಶಂಕರ್ ತೀರ್ಮಾನ ಮಾಡಿದ್ದರು. ಹಿಂಬದಿಗೆ ದೊಡ್ಡ ಸ್ಟಿಕ್ಕರ್ ತರಿಸುತ್ತೇನೆ, ಹುಲಿ ಬೇಕೋ ಗರುಡ ಬೇಕೋ ಎಂದು ನಮ್ಮನ್ನೇ ಕೇಳಿದರು. ನಾನು ಹುಲಿ ಎಂದೆ. ಯೋಗರಾಜ ಮಾತ್ರ ತಲೆ ಕೆರೆದುಕೊಂಡು, "ಹುಲಿ ಎಂತಕ್ಕೆ ಸಾರ್? ಅದು ಯಾವತ್ತಾದ್ರೂ ನಮ್ ಬಸ್ ಹತ್ತಿದ್ಯಾ? ದಿನಾ ಹತ್ತೋರ ಚಿತ್ರ ನಾನೇ ಬರೀತೀನಿ" ಎಂದ.

ಓನರ್ ನಗಲಿಲ್ಲ. "ಬರಿ. ಆದ್ರೆ ಮೊದ್ಲು ಕಾಗದದ ಮೇಲೆ ಬರ್ದು ಬಸ್ಸೊಳಗೆ ಅಂಟಿಸು. ಕೆಳಗೆ ಹೆಸರು ಹಾಕೋ ಹಾಗಿಲ್ಲ. ಇಂಥೋರು ಅಂತ ಪ್ಯಾಸೆಂಜರ್ರೇ ಗುರುತು ಹಿಡೀಬೇಕು. ಹಿಡಿದ್ರೆ ಹಿಂದುಗಡೆ ಪೂರ್ತಿ ನಿಂದು. ಇಲ್ಲಾಂದ್ರೆ ತಿಮ್ಮಣ್ಣನ ಹುಲಿ" ಎಂದರು.

ಆ ಸಂಜೆ ಬಸ್ಸು ತೊಳೆಯುತ್ತ ಯೋಗರಾಜ ಹೇಳಿದ: "ಅಣ್ಣಾ, ಇಷ್ಟು ವರ್ಷ ಟಿಕೆಟ್ ಹರ್ದು ಕೊಟ್ಟಿದ್ದೇ ಕೊಟ್ಟಿದ್ದು. ಇಳಿದ ಕೂಡ್ಲೆ ಎಲ್ರೂ ಬಿಸಾಡ್ತಾರೆ. ಯಾರೂ ಬಿಸಾಡದೇ ಇರೋಂಥದ್ದು ಒಂದಾದ್ರೂ ನನ್ ಕೈಯಿಂದ ಆಗ್ಬೇಕು." ಕೇಳಿ ನನಗೆ ಪಾಪ ಅನ್ನಿಸಿತು. ಆದರೂ ಹುಲಿಯನ್ನು ಬಿಟ್ಟುಕೊಡಲಿಲ್ಲ.

ಕಲಿಯುವುದಕ್ಕೆ ಮೊದಲು ಸಾಮಾನು ಬಂತು. ಸಾಗರದ ಅಂಗಡಿಯಿಂದ ಗಟ್ಟಿ ಪೆನ್ಸಿಲ್ಲು, ಮೆತ್ತನೆ ಪೆನ್ಸಿಲ್ಲು, ಇದ್ದಿಲಿನ ಕಡ್ಡಿ, ಹಿಟ್ಟಿನಂತೆ ನಾದಬಹುದಾದ ರಬ್ಬರು. ಆನ್‌ಲೈನಿನಲ್ಲಿ ಕೈಕಾಲು ತಿರುಗಿಸಬಹುದಾದ ಮರದ ಗೊಂಬೆ, ಮನುಷ್ಯರ ಭಂಗಿ ಕಲಿಯಲಿಕ್ಕಂತೆ. ಅದನ್ನು ಸ್ಟೇರಿಂಗಿನ ಮುಂದಿರುವ ಪುಟ್ಟ ಗಣಪತಿಯ ಪಕ್ಕದಲ್ಲೇ ನಿಲ್ಲಿಸಿದ. ಚಕ್ರ ಹೊಂಡಕ್ಕೆ ಇಳಿದಾಗಲೆಲ್ಲ ಅದು ಕೈ ಎತ್ತುತ್ತಿತ್ತು. ಯಾರೋ ಬಸ್ಸಿಗೆ ಕೈ ತೋರಿಸಿದರೆಂದು ಬ್ರೇಕ್ ಒತ್ತಿದವನು ನಾನು, ಹಿಂದಿನವರಿಂದ ಬೈಸಿಕೊಂಡವನೂ ನಾನು. ಆಮೇಲೆ ಫೋನಿಗೆ ಡ್ರಾಯಿಂಗ್ ಆ್ಯಪ್, ಅದರ ಗಾಜಿನ ಮೇಲೆ ಗೀಚುವ ಪೆನ್ನು. ನಮ್ಮ ರಸ್ತೆಯಲ್ಲಿ ಆ ಪೆನ್ನು ಮೂಗು ಶುರು ಮಾಡಿದರೆ ಕಿವಿಯ ಹತ್ತಿರ ಹೋಗಿ ನಿಲ್ಲುತ್ತಿತ್ತು. ಪಾಠಕ್ಕೆ ಯೂಟ್ಯೂಬು. ಸೊನ್ನೆ ಹಾಕಿ, ನಡುವೆ ಗೆರೆ ಎಳೆದು, ಗೆರೆಯ ಮೇಲೆ ಕಣ್ಣು ಕೂರಿಸಿ ಎಂದು ಯಾವುದೋ ಹುಡುಗಿ ಹೇಳಿಕೊಡುತ್ತಿದ್ದಳು. ರಿಪ್ಪನ್‌ಪೇಟೆಯಲ್ಲಿ ನಾನು ಚಹಾ ಕುಡಿದು ಮುಗಿಸುವವರೆಗೂ ಇವನು ಸೊನ್ನೆ ಹಾಕುತ್ತ ಕೂತಿರುತ್ತಿದ್ದ.

ಮೊದಲ ಚಿತ್ರ ಬೆಳ್ಳಮ್ಮನದು. ಬೆಳ್ಳಮ್ಮ ಆನಂದಪುರದಲ್ಲಿ ಹತ್ತಿ ರಿಪ್ಪನ್‌ಪೇಟೆಯಲ್ಲಿ ಸೊಪ್ಪು ಮಾರುವವಳು, ವಯಸ್ಸು ಎಪ್ಪತ್ತರ ಹತ್ತಿರ. ಚಿತ್ರದಲ್ಲಿ ಅವಳಿಗೆ ಅರ್ಧ ಮುಖದಷ್ಟು ಕಣ್ಣು, ಚೂಪು ಗಲ್ಲ, ಹಣೆಯ ಮೇಲೆ ಹಾರುವ ಕೂದಲು. ಒಬ್ಬರು ಧಾರಾವಾಹಿಯ ನಟಿ ಎಂದರು, ಇನ್ನೊಬ್ಬರು ಜಪಾನಿನವಳು ಎಂದರು. ಬೆಳ್ಳಮ್ಮ ತಾನೇ ಬುಟ್ಟಿ ಇಳಿಸಿ ದಿಟ್ಟಿಸಿ ನೋಡಿ, "ಚೆಂದ ಇದಾಳೆ. ಯಾರ ಮನೆ ಸೊಸೆನಾ?" ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ಯೋಗರಾಜ ಚಿತ್ರ ಕಿತ್ತು ಬ್ಯಾಗಿಗೆ ತುರುಕಿದ.

ಮುಂದಿನ ಸೀಟಿನಲ್ಲಿ ಹೊಸನಗರದ ಶಾಲೆಯೊಂದರ ಡ್ರಾಯಿಂಗ್ ಟೀಚರ್ ವಿನಯಾ ಮೇಡಂ ಕೂತಿದ್ದರು. "ಯೋಗರಾಜ್, ನೀವು ಬರ್ದಿದ್ದು ಯೂಟ್ಯೂಬಿನ ಮುಖ. ಬೆಳ್ಳಮ್ಮನ ಮೂಗು ಹ್ಯಾಗಿದೆ, ಹೇಳಿ ನೋಡೋಣ" ಎಂದರು. ಯೋಗರಾಜ ಬೆಳ್ಳಮ್ಮನ ಕಡೆ ತಿರುಗಿ ನೋಡಲು ಹೊರಟ. "ಸಾಮಾನು ಜಾಸ್ತಿ ಆಯ್ತು, ನೋಡೋದು ಕಮ್ಮಿ ಆಯ್ತು. ಸ್ವಲ್ಪ ದಿವ್ಸ ಬರೀ ಮುಖ ನೋಡಿ" ಎಂದು ಹೇಳಿ ಅವರು ಇಳಿದು ಹೋದರು.

ಈ ಪುಣ್ಯಾತ್ಮ ಅದನ್ನು ಅಕ್ಷರಶಃ ಪಾಲಿಸಿದ. ಟಿಕೆಟ್ ಕೊಟ್ಟ ಮೇಲೂ ಅಲ್ಲೇ ನಿಂತು ಮುಖ ನೋಡುವ ಕಂಡಕ್ಟರನನ್ನು ಯಾರು ಸಹಿಸುತ್ತಾರೆ? ತೀರ್ಥಹಳ್ಳಿಯ ಬ್ಯಾಂಕಿಗೆ ಹೋಗುವ ಮಹಾಲಕ್ಷ್ಮೀ, "ಎಂತ ನೋಡ್ತಾ ಇದೀರಿ? ಚಿಲ್ಲರೆ ಕೊಡಿ ಮೊದ್ಲು" ಎಂದು ಗದರಿದರು. ಅಡಿಕೆ ಮರ ಹತ್ತಿ ಗೊನೆ ಕೊಯ್ಯುವ ಹೂವಯ್ಯ, "ನನ್ ಮೇಲೆ ಎಂತಾದ್ರೂ ಅನುಮಾನನಾ?" ಎಂದು ಎದ್ದೇ ನಿಂತ. ದೂರು ನನ್ನ ಸೀಟಿನವರೆಗೂ ಬಂತು. ಹೊಸನಗರದ ಸ್ಟ್ಯಾಂಡಿನಲ್ಲಿ ಜನ ಚಹಾಕ್ಕೆ ಇಳಿದು ಬಸ್ಸು ಖಾಲಿಯಾಗುತ್ತಿದ್ದಂತೆ ನಾನು ಅವನಿಗೆ ಮುಖಮೂತಿ ನೋಡದೆ ಬೈದೆ.

ಯೋಗರಾಜ ಮೆಟ್ಟಿಲ ಮೇಲೆ ಕುಸಿದು ಕೂತ. "ಬಿಡಿ ಅಣ್ಣಾ, ಹುಲಿನೇ ಹಾಕ್ಸಿ. ನನ್ ಹಣೇಲಿ ಟಿಕೆಟ್ ಹರಿಯೋದಷ್ಟೇ ಬರ್ದಿದೆ" ಎಂದ. ಗೆದ್ದವನು ನಾನು. ಆದರೆ ಒಂಚೂರೂ ಖುಷಿಯಾಗಲಿಲ್ಲ.

ವಿನಯಾ ಮೇಡಂ ಇಳಿಯುವವರು ಅಲ್ಲೇ ನಿಂತರು. "ಅಲ್ಲ ಮಾರಾಯ್ರೆ, ಇಷ್ಟು ವರ್ಷ ಇದೇ ಬಸ್ಸಲ್ಲಿದ್ದು ಒಬ್ಬರ ಮುಖನೂ ನೋಡಿಲ್ವಾ? ಮತ್ತೆ ಎಲ್ಲಿ ನೋಡ್ತೀರಿ?"

"ಕೈ ಮೇಡಂ" ಎಂದ ಯೋಗರಾಜ. "ಅವ್ರು ಕೂತಿರ್ತಾರೆ, ನಾನು ನಿಂತಿರ್ತೀನಿ. ನಂಗೆ ಕಾಣೋದು ಬೈತಲೆ, ಇಲ್ಲಾ ಕೈ. ಬೆಳ್ಳಮ್ಮ ಸೆರಗಿನ ಗಂಟು ಬಿಚ್ಚೋವಾಗ ಹೆಬ್ಬೆರಳು ಒಂದೇ ಕೆಲ್ಸ ಮಾಡ್ತದೆ, ಉಳಿದ ಬೆರಳು ಸೊಪ್ಪಿನ ಕಟ್ಟು ಬಿಡಲ್ಲ. ಹೂವಯ್ಯನ ಅಂಗೈ ಕಪ್ಪು, ಅಡಿಕೆ ಚೊಗರಿನ ಕರೆ. ನೋಟನ್ನ ಎರಡು ಬೆರಳ ಸಂದೀಲಿ ಹಿಡೀತಾನೆ, ಮರದ ಮೇಲೆ ಕತ್ತಿ ಹಿಡಿದ ಹಾಗೆ. ನಿಮ್ ಉಗುರಲ್ಲಿ ಯಾವಾಗ್ಲೂ ಬಣ್ಣ ಇರ್ತದೆ, ನಾನು ಕೇಳೋಕೆ ಮುಂಚೆನೇ ಕೈ ಚಾಚಿರ್ತೀರಿ."

ಮೇಡಂ ಥಟ್ಟನೆ ಕೈಯನ್ನು ಸೆರಗಿನಡಿ ಮುಚ್ಚಿಕೊಂಡರು, ಆಮೇಲೆ ಮನಸಾರೆ ನಕ್ಕರು. "ಇಷ್ಟು ಇಟ್ಕೊಂಡು ಮುಖ ಯಾಕೆ ಹುಡುಕ್ತೀರಿ? ಇದನ್ನೇ ಬರೀರಿ. ಎಲ್ಲಿ, ಆ ಬ್ಯಾಗ್ ತನ್ನಿ ಇಲ್ಲಿ."

ಬಸ್ಸಿನ ಮೆಟ್ಟಿಲ ಮೇಲೆಯೇ ಸಾಮಾನಿನ ವಿಚಾರಣೆ ನಡೆಯಿತು. ಪೆನ್ಸಿಲ್ಲು ಓಡುವ ಬಸ್ಸಿನಲ್ಲಿ ಮೊನೆ ಮುರಿಯುತ್ತದೆ, ಬೇಡ. ಇದ್ದಿಲು ಟಿಕೆಟ್ಟಿಗೂ ನೋಟಿಗೂ ಮೆತ್ತುತ್ತದೆ, ಬೇಡ. ಗೊಂಬೆ ಶಾಲೆಯ ಮಕ್ಕಳಿಗೆ. ಯೂಟ್ಯೂಬಿನ ಹುಡುಗಿಗೆ ಸದ್ಯಕ್ಕೆ ರಜೆ. ಉಳಿದದ್ದು ಅವನ ಕಿವಿಯ ಮೇಲಿದ್ದ ಬಾಲ್ ಪೆನ್ನು. ಅದರ ಗೆರೆ ಅಳಿಸಲಿಕ್ಕೆ ಬರುವುದಿಲ್ಲ, ಹಾಗಾಗಿ ಗೀಚುವ ಮುಂಚೆ ಸರಿಯಾಗಿ ನೋಡುತ್ತೀರಿ ಎಂದರು ಮೇಡಂ. ಕಾಗದಕ್ಕೆ ಹಳೆಯ ಮದುವೆ ಕರೆಯೋಲೆಗಳು ಸಾಕು, ನಿಂತುಕೊಂಡು ಬರೆದರೂ ಅಂಗೈಯಲ್ಲಿ ಗಟ್ಟಿಯಾಗಿ ಕೂರುತ್ತವೆ. ಮದುವೆ ಕರೆಯೋಲೆಗೆ ನಮ್ಮ ಕಡೆ ಬರವೇ? ನಾನೇ ಮನೆಯಿಂದ ಒಂದು ಕಟ್ಟು ತಂದುಕೊಟ್ಟೆ. ಹುಲಿಯ ಕಡೆಯವನಾದ ನಾನು ಹಾಗೆ ಮಾಡಿದ್ದು ಯಾಕೆಂದು ಯಾರೂ ಕೇಳಬೇಡಿ.

ಬೆಳ್ಳಮ್ಮನ ಕೈ ಅಂಟಿಸಿದ ದಿನ ಬೆಳ್ಳಮ್ಮ ಬಸ್ಸು ಹತ್ತಿ, ಚಿತ್ರ ನೋಡಿ, ತನ್ನ ಹೆಬ್ಬೆರಳು ನೋಡಿ, ಮತ್ತೆ ಚಿತ್ರ ನೋಡಿದಳು. "ಇದು ನನ್ ಕೈ ಕಣಾ" ಎಂದು ಮೆಲ್ಲಗೆ ಹೇಳಿ, ಇಳಿಯುವ ತನಕ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸವರುತ್ತ ಕೂತಳು. ಆಮೇಲೆ ಕೇಳಬೇಕೆ! ದಿನಕ್ಕೊಂದು ಕೈ. ಇದು ಯಾರದು, ಅದು ಯಾರದು ಎಂದು ಬಸ್ಸಿನೊಳಗೆ ಪೈಪೋಟಿ. ತಮ್ಮ ಸ್ಟಾಪು ಬಂದರೂ ಇಳಿಯದೆ ವಾದ ಮಾಡುವವರನ್ನು ನಾನು ಗದರಿ ಇಳಿಸಬೇಕಾಯಿತು. ಚಿಲ್ಲರೆ ಕೇಳಿ ಗದರಿದ್ದ ಮಹಾಲಕ್ಷ್ಮೀ ಕೂಡ ಬಳೆ ಸರಿಮಾಡಿಕೊಂಡು, "ನಂದು ಯಾವಾಗ?" ಎಂದರು.

ಓನರ್ ಒಪ್ಪಿದರು. ಹಿಂಬದಿಗೆಂದು ಇನಾಮೆಲ್ ಪೇಂಟನ್ನೂ ಚಪ್ಪಟೆ ಬ್ರಷ್ಷುಗಳನ್ನೂ ಮೇಡಂ ತಾವೇ ಆರಿಸಿ ಕೊಟ್ಟರು. ಆದರೆ ಓನರ್ ಓನರೇ ಅಲ್ಲವೇ? "ಪೂಜೆ ದಿವ್ಸ ಒಂದೇ ಒಂದು ಗುರುತು ಸಿಗದಿದ್ರೂ ಮೇಲೆ ಹುಲಿ ಅಂಟಿಸ್ತೀನಿ" ಎಂದುಬಿಟ್ಟರು. ಯೋಗರಾಜ ಷೆಡ್ಡಿನಲ್ಲಿ ಬಸ್ಸಿನ ಹಿಂಬದಿಗೆ ಟಾರ್ಪಾಲು ಕಟ್ಟಿಕೊಂಡು ಬರೆದ. ನನಗೂ ನೋಡಲು ಬಿಡಲಿಲ್ಲ.

ಪೂಜೆಯ ದಿನ ಬಾಳೆಕಂಬ, ಚೆಂಡುಹೂವು, ಚಕ್ರದಡಿ ನಿಂಬೆಹಣ್ಣು ಎಲ್ಲ ಆಯಿತು. ಲೈನಿನ ಜನ ಅರ್ಧಕ್ಕರ್ಧ ಬಂದಿದ್ದರು. ಟಾರ್ಪಾಲು ಸರಿಯಿತು. ಹಿಂಬದಿ ತುಂಬ ಕೈಗಳು: ನೋಟು ಚಾಚಿದ ಕೈ, ಮಗುವಿನ ಬೆನ್ನು ತಟ್ಟುವ ಕೈ, ಕಂಬಿಗೆ ಜೋತ ಕೈ. ಬೆಳ್ಳಮ್ಮ, ಹೂವಯ್ಯ, ಮೇಡಂ, ಒಬ್ಬೊಬ್ಬರದೂ ಕೂಗಿ ಕೂಗಿ ಗುರುತಾಯಿತು. ಮೂಲೆಯ ಒಂದು ಚಿತ್ರದಲ್ಲಿ ಮಾತ್ರ ಕೈ ಇರಲಿಲ್ಲ. ಯಾರದೋ ಕುತ್ತಿಗೆ, ಹಿಂದಿನಿಂದ ಕಂಡದ್ದು. ನರೆತ ಕೂದಲು, ಖಾಕಿ ಕಾಲರಿನ ಮೇಲೆ ಎರಡು ಮಡಿಕೆ, ತಲೆ ಎಡಕ್ಕೆ ಒಂಚೂರು ವಾಲಿತ್ತು.

"ಇದ್ಯಾವ ಮುದುಕ?" ಎಂದೆ. ಆಮೇಲೆ ಓನರ್ ಕಡೆ ತಿರುಗಿದೆ. "ಸಾರ್, ಇದೊಂದು ಗುರುತು ಸಿಗ್ತಿಲ್ಲ. ಮಾತು ಅಂದ್ರೆ ಮಾತು. ಹುಲಿ ತರ್ಸಿ."

ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ಬಾಳೆಕಂಬದ ಕಡೆ ತಿರುಗಿದರು. ಬೆಳ್ಳಮ್ಮ ಹೇಳಿದಳು: "ತಿಮ್ಮಣ್ಣಾ, ಅದು ನೀನೇ ಅಲ್ಲನಾ?"

ನೆರೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಓನರೂ ನಕ್ಕರು. ನಾನು ಕುತ್ತಿಗೆ ಮುಟ್ಟಿ ನೋಡಿಕೊಂಡೆ. ಎರಡು ಮಡಿಕೆ ಇದ್ದದ್ದು ನಿಜ. ಮೀಸೆಗೂ ಮುಂದಲೆಗೂ ತಪ್ಪದೆ ಬಣ್ಣ ಹಚ್ಚುವವನು ನಾನು. ಹಿಂದಲೆಯನ್ನು ನೋಡಿಕೊಂಡವನೇ ಅಲ್ಲ. "ತಲೆ ಯಾಕೆ ವಾರೆ ಮಾಡಿದೀಯ? ನಾನು ಹಂಗೆ ಕೂರಲ್ಲ" ಎಂದು ಯೋಗರಾಜನ ಮೇಲೆ ರೇಗಿದೆ.

"ಕೂರಲ್ಲ ಅಣ್ಣಾ" ಎಂದ ಯೋಗರಾಜ. "ನಾನು ರೈಟ್ ಅಂದ್ಮೇಲೂ, ನಾನು ಹತ್ತಿದ್ನಾ ಇಲ್ವಾ ಅಂತ ಎಡಗಡೆ ಕನ್ನಡಿ ನೋಡ್ತೀರಲ್ಲ, ಆವಾಗ ಹಾಗೆ ವಾಲ್ತದೆ. ಪ್ರತಿ ಸ್ಟಾಪಲ್ಲೂ ಓಡಿ ಹತ್ತಿದ ಕೂಡ್ಲೆ ನಂಗೆ ಮೊದ್ಲು ಕಾಣೋದು ಅದೇ."

ಹಾಗೆ ನೋಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಕಣ್ಣು ತುಂಬಿ ಬಂತು. ಎಲ್ಲರ ಎದುರು ಒರೆಸಿಕೊಳ್ಳುವುದು ಹೇಗೆಂದು ಹೋಗಿ ಸೀಟಿನಲ್ಲಿ ಕೂತು ಬಸ್ಸು ಸ್ಟಾರ್ಟ್ ಮಾಡಿದೆ. ಜನ ನಗುತ್ತಲೇ ಹತ್ತಿದರು. ಯೋಗರಾಜ ಹಿಂದಿನ ಬಾಗಿಲಿನಿಂದ "ರೈಟ್" ಎಂದ. ನಾನು ಕನ್ನಡಿ ನೋಡಿದೆ, ಈ ಸಲ ಬೇಕೆಂದೇ, ತಲೆಯನ್ನು ಇನ್ನೂ ಒಂಚೂರು ಜಾಸ್ತಿ ವಾಲಿಸಿ.