ವಾಚನಾಲಯಕ್ಕೆ ಹೋಗಬೇಕಿದ್ದ ರೈಲಿನ ಸದ್ದು

ಅಣ್ಣನ ಮದುವೆ ಗೊತ್ತಾದ ವಾರವೇ ನನ್ನ ರೈಲಿಗೆ ಜಾಗ ಇಲ್ಲವಾಯಿತು. ಮಧುಗಿರಿಯ ನಮ್ಮ ಮನೆಯಲ್ಲಿರುವುದು ಎರಡೇ ಕೋಣೆ. ಹಿಂದಿನ ಕೋಣೆಯಲ್ಲಿ, ಹಳೆಯ ಬಾಗಿಲನ್ನು ಅಡ್ಡ ಮಲಗಿಸಿ ಮಾಡಿದ ಮೇಜಿನ ಮೇಲೆ ನನ್ನ ಹಳಿ ಹರಡಿತ್ತು. ನಡುವೆ ಥರ್ಮಾಕೋಲಿನ ಬೆಟ್ಟ, ಅದರ ಬುಡದಲ್ಲಿ ಮಧುಗಿರಿ ನಿಲ್ದಾಣ, ಒಂದು ತಿರುವಿಗೆ ಕೊರಟಗೆರೆ, ಇನ್ನೊಂದಕ್ಕೆ ಪಾವಗಡ. ಊರಿಗೆ ರೈಲು ಬರುತ್ತದೆ ಎಂಬ ಮಾತನ್ನು ಕೇಳುತ್ತಲೇ ಬೆಳೆದವಳು ನಾನು. ಕಾಲೇಜಿಗೆ ಸೇರಿದ ವರ್ಷ ಹಳೇ ಸಾಮಾನಿನ ಅಂಗಡಿಯಲ್ಲಿ ಗೇಣುದ್ದದ ಎಂಜಿನ್ನೂ ಅದಕ್ಕೆ ಕರೆಂಟ್ ಕೊಡುವ ಡಬ್ಬಿಯೂ ಸಿಕ್ಕಾಗ, ಕಾಯುವುದು ಬಿಟ್ಟು ನಾನೇ ಓಡಿಸತೊಡಗಿದ್ದೆ.

"ಬರೋ ಸೊಸೆ ಬೆಟ್ಟದ ಮ್ಯಾಲೆ ಮಲಗ್ತಾಳೇನೆ? ಅಟ್ಟಕ್ಕೆ ಹಾಕು ಅದನ್ನ" ಎಂದಳು ಅವ್ವ.

ನಮ್ಮ ಮನೆಯಲ್ಲಿ ಅಟ್ಟಕ್ಕೆ ಹೋದ ಸಾಮಾನು ಕೆಳಗೆ ಇಳಿದ ದಾಖಲೆಯಿಲ್ಲ. ನಾನು ನೇರ ನಮ್ಮ ಬೀದಿಯ ವಾಚನಾಲಯಕ್ಕೆ ಹೋದೆ. ಅದನ್ನು ನೋಡಿಕೊಳ್ಳುವ ಮೇಡಂಗೆ ರೈಲಿನ ವಿಷಯ ಮೊದಲೇ ಗೊತ್ತಿತ್ತು. ಅದನ್ನು ಇಲ್ಲಿಡಬಹುದೇ ಎಂದು ಕೇಳಿದೆ.

"ಇಡಣ, ಮಕ್ಕಳು ಬಂದು ನೋಡ್ತವೆ. ಆದ್ರೆ ನಮ್ಮ ಪೇಪರ್ ತಾತಂದಿರು ಸೊಳ್ಳೆ ಗುಂಯ್ ಅಂದ್ರೂ ನನ್ನನ್ನೇ ಬಯ್ಯೋದು. ನಿನ್ನ ರೈಲು ಸದ್ದು ಮಾಡ್ತದಾ?"

"ಮಾಡ್ತದೆ ಮೇಡಂ. ನಿಲ್ಲಿಸ್ತೀನಿ."

"ಹಂಗಾದ್ರೆ ಭಾನುವಾರ ತಂದು ಓಡ್ಸು. ಓದೋರು ತಲೆ ಎತ್ತಿ ನಿನ್ನ ರೈಲನ್ನ ಬಯ್ದ್ರೆ, ವಾಪಸ್ ತಗಂಡೋಗ್ಬುಡಬೇಕು."

ಸದ್ದೆಂದರೆ ಅಷ್ಟಿಷ್ಟಲ್ಲ. ಪಕ್ಕದ ಮನೆಯವರು ಅದನ್ನು ಮಿಕ್ಸಿ ಎಂದುಕೊಂಡಿದ್ದರು. ಪ್ರತಿದಿನ ಏನು ಮಾಡಿದೆ, ಏನಾಯಿತು ಎಂದು ಬರೆದಿಡುವುದು ನನ್ನ ಅಭ್ಯಾಸ. ಆ ವಾರಕ್ಕೆ ಒಂದು ನಿಯಮ ಹಾಕಿಕೊಂಡೆ: ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಗುಣವಾಯಿತೋ ತಿಳಿಯುವುದಿಲ್ಲ. ಸೋಮವಾರ ಹಳಿ ಒರೆಸಿದೆ. ಸದ್ದು ಹಾಗೇ ಇತ್ತು. ಮಂಗಳವಾರ ಚಕ್ರಗಳಿಗೆ ಸುತ್ತಿಕೊಂಡಿದ್ದ ಕೂದಲನ್ನೆಲ್ಲ ಬಿಡಿಸಿದೆ. ಅದರಿಂದಲೂ ಏನೂ ಆಗಲಿಲ್ಲ.

ಬುಧವಾರ ಅಪ್ಪ ತೊಗರಿಗೆ ಔಷಧಿ ಹೊಡೆದು ಹೊಲದಿಂದ ಬಂದು, ಬೆನ್ನಿನ ಪಂಪನ್ನು ಜಗುಲಿಯ ಮೇಲಿಟ್ಟ. ಅದರ ತಳದಲ್ಲಿರುವುದು ಹನ್ನೆರಡು ವೋಲ್ಟಿನ ಬ್ಯಾಟರಿ. ನನ್ನ ಎಂಜಿನ್ನಿಗೆ ಬೇಕಾದದ್ದೂ ಅಷ್ಟೇ. ಡಬ್ಬಿಯನ್ನು ಬಿಟ್ಟು ಬ್ಯಾಟರಿಯಿಂದ ಓಡಿಸಿದರೆ ತಪ್ಪು ಡಬ್ಬಿಯದೋ ಮೋಟಾರಿನದೋ ಗೊತ್ತಾಗಿಬಿಡುತ್ತದೆ.

"ಲೇ, ಅದು ಹುಳಕ್ಕೆ ಕಣಮ್ಮ, ರೈಲಿಗಲ್ಲ" ಎಂದ ಅಪ್ಪ. "ಚಾರ್ಜು ಖಾಲಿ ಮಾಡ್ಬುಟ್ರೆ ನಾಳೆ ಹೊಲದಾಗೆ ಹುಳಾನ ನೀನೇ ಕೈಲಿ ಆಯ್ಬೇಕು."

"ಆಯ್ತೀನಿ, ಕೊಡಪ್ಪ."

ನಡುವೆ ಒಂದು ಫ್ಯೂಸ್ ಹಾಕಿ ಎರಡು ತಂತಿಗಳನ್ನು ಹಳಿಗೆ ಕೊಟ್ಟೆ. ರೈಲು ಓಡಿತು. ಇಷ್ಟು ದಿನ ಒಂದೇ ಎಂದುಕೊಂಡಿದ್ದ ಸದ್ದು ಎರಡಾಗಿ ಒಡೆಯಿತು. ಒಳಗೊಳಗೇ ಗುಂಯ್ಗುಡುತ್ತಿದ್ದುದು ಪೂರ್ತಿ ಹೋಗಿತ್ತು, ಅದು ಡಬ್ಬಿಯದು. ಗರಗರ ಮಾತ್ರ ಉಳಿದಿತ್ತು, ಅದು ಮೋಟಾರಿನದು.

ಗುರುವಾರ ಮೋಟಾರನ್ನು ಬಿಚ್ಚಿದೆ. ತಿರುಗುವ ತಾಮ್ರದ ಪಟ್ಟಿಗಳಿಗೆ ಎರಡು ಪುಟ್ಟ ಇದ್ದಿಲ ತುಂಡುಗಳು ಒತ್ತಿಕೊಂಡಿರುತ್ತವೆ. ಕರೆಂಟು ಒಳಗೆ ಹೋಗುವುದು ಅಲ್ಲಿಂದಲೇ. ಅಲ್ಲಿ ಬೂದುಬಣ್ಣದ, ನಡುನಡುವೆ ಕೆಂಪು ಗೀರಿದ್ದ ಅಂಟು ಮೆತ್ತಿಕೊಂಡಿತ್ತು. ಮೂಸಿ ನೋಡಿದೆ. ದೇವರ ಮನೆಯ ವಾಸನೆ.

"ಅವ್ವ, ಮೋಟಾರಿನ ಒಳಗೆ ವಿಭೂತಿ ಹೆಂಗೆ ಬಂತು?"

"ನಾನೇ ಹಚ್ಚಿದ್ದು" ಎಂದಳು ಅಡಿಗೆಮನೆಯಿಂದಲೇ. "ಆಯುಧಪೂಜೆ ದಿನ ಮಿಕ್ಸಿಗೆ, ಗಾಡಿಗೆ, ಪಂಪಿಗೆ ಎಲ್ಲಾದಕ್ಕೂ ಹಚ್ಚಿ, ನಿನ್ನ ರೈಲೊಂದನ್ನ ಬುಡಾಕಾಯ್ತದಾ?"

"ಮೇಲೆ ಹಚ್ಚಬಾರದಿತ್ತಾ?"

"ಮ್ಯಾಲೆ ಹಚ್ಚಿದ್ರೆ ಬಣ್ಣ ಹೋಯ್ತು ಅಂತ ಮಕ ಊದಿಸ್ಕಂತೀಯ. ಅದ್ಕೇ ಅಡಿಯಿಂದ, ಕಾಣ್ದಂಗೆ ಹಚ್ಚಿದೆ. ಓಡೋ ಸಾಮಾನು ಒಣಗಿರಬಾರ್ದು ಅಂತ ಒಂದೊಂದು ತೊಟ್ಟು ದೀಪದೆಣ್ಣೇನೂ ಬುಟ್ಟೆ."

ಪ್ರತಿ ವರ್ಷವೂ ಹೀಗೇ ನಡೆದಿತ್ತು. ಎಣ್ಣೆ ವಿಭೂತಿಯನ್ನು ಹಿಡಿದಿತ್ತು, ವಿಭೂತಿ ಕುಂಕುಮವನ್ನು ಹಿಡಿದಿತ್ತು.

"ಪೂಜೆ ಮಾಡಿದ್ದಕ್ಕೇ ಕೆಟ್ಟೋಯ್ತು ಅಂತೀಯೇನೆ ಈಗ?" ಅವ್ವ ಸೌಟು ಹಿಡಿದೇ ಬಾಗಿಲಿಗೆ ಬಂದಳು.

"ಪೂಜೆಯಿಂದಲ್ಲ, ಎಣ್ಣೆಯಿಂದ. ಮುಂದಿನ ಸಲ ಹೊಗೆಕೊಳವೆಗೆ ಹಚ್ಚು, ಬಣ್ಣ ಹೋದರೂ ಸುಮ್ಮನಿರ್ತೀನಿ."

ಅವಳು ಒಪ್ಪಿದಳೋ ಇಲ್ಲವೋ, ಹತ್ತಿ ಮಾತ್ರ ತಂದುಕೊಟ್ಟಳು. ಸ್ಪಿರಿಟಿನಲ್ಲಿ ಅದ್ದಿ, ಬೆಂಕಿಕಡ್ಡಿಯ ತುದಿಗೆ ಸುತ್ತಿ, ಪಟ್ಟಿಗಳ ಸಂದುಗಳನ್ನು ಒಂದೊಂದಾಗಿ ಒರೆಸಿದೆ. ಹತ್ತಿ ಬೆಳ್ಳಗೇ ಹೊರಬರುವವರೆಗೆ ಬಿಡಲಿಲ್ಲ. ನನ್ನ ನಿಯಮದಂತೆ ಒಂದೊಂದಾದ ಮೇಲೂ ಓಡಿಸಿ ಕೇಳುತ್ತ, ಸವೆದಿದ್ದ ಇದ್ದಿಲುಗಳನ್ನು ಬದಲಾಯಿಸಿ, ಅಚ್ಚಿನ ಎರಡು ತುದಿಗೆ ಮಾತ್ರ ಹೊಲಿಗೆ ಮಿಷನ್ನಿನ ಎಣ್ಣೆಯನ್ನು ಸೂಜಿಯ ಮೊನೆಯಷ್ಟು ಬಿಟ್ಟೆ. ಗರಗರ ನಿಂತಿತು.

ಇನ್ನು ಡಬ್ಬಿ. ಶುಕ್ರವಾರ ಅದನ್ನು ಮತ್ತೆ ಜೋಡಿಸಿ ಕೇಳುತ್ತಿದ್ದಾಗಲೇ ಕರೆಂಟ್ ಹೋಗಿ, ಮನೆಯ ಯುಪಿಎಸ್ ಹತ್ತಿಕೊಂಡಿತು. ಸಣ್ಣಗಿದ್ದ ಗುಂಯ್ ಅದೇ ಕ್ಷಣ ಗೂಳಿಯ ಗುಟುರಾಯಿತು. ಯುಪಿಎಸ್ಸಿನ ಕರೆಂಟು ಕಂಬದ ಕರೆಂಟಿನಷ್ಟು ನುಣುಪಲ್ಲ, ಡಬ್ಬಿಯೊಳಗಿನ ಟ್ರಾನ್ಸ್‌ಫಾರ್ಮರಿಗೆ ಅದು ಒಗ್ಗುವುದಿಲ್ಲ. ವಾಚನಾಲಯದಲ್ಲೂ ಅಂಥದೇ ಯುಪಿಎಸ್ ಇದೆ. ಬೆಳಗಿನ ಹೊತ್ತು ಕರೆಂಟ್ ಹೋಗದ ದಿನವಿಲ್ಲ. ಡಬ್ಬಿಯನ್ನು ರಿಪೇರಿ ಮಾಡಿ ಪ್ರಯೋಜನವಿಲ್ಲ, ಅದನ್ನೇ ಬಿಡಬೇಕು ಎಂದು ತೀರ್ಮಾನಿಸಿದೆ. ಕೇಳಿದಾಗ ಅಪ್ಪ ಪಂಪಿನ ಹಳೇ ಬ್ಯಾಟರಿಯನ್ನು ಹುಡುಕಿಕೊಟ್ಟ. ಹೊಲಕ್ಕೆ ಸಾಲದಷ್ಟು ಸೊರಗಿತ್ತು, ರೈಲಿಗೆ ಸಾಕಿತ್ತು. ಆದರೆ ವೇಗ ತಗ್ಗಿಸಲು ಡಬ್ಬಿಗಿದ್ದಂತೆ ಒಂದು ತಿರುಪು ಬೇಕಲ್ಲ?

ಅದಕ್ಕಾಗಿ ಶನಿವಾರ ಶಿರಾಕ್ಕೆ ಬಸ್ಸು ಹತ್ತಿದೆ. ರೇಡಿಯೋ ಸಾಮಾನಿನ ಅಂಗಡಿಯವರು ನನ್ನ ಎಂಜಿನ್ನನ್ನು ಅಂಗೈ ಮೇಲಿಟ್ಟುಕೊಂಡು ನಕ್ಕರು.

"ಅರೆ ಬೇಟಾ, ಎಲ್ರಿಗಿಂತ ಮೊದ್ಲು ನಿಮ್ಮೂರಿಗೇ ರೈಲ್ ಬಂದ್ಬುಡ್ತಾ? ನಮ್ಗೆ ಹೇಳ್ಲೇ ಇಲ್ವಲ್ಲ!"

ಅವರು ಮೊದಲು ಕೊಟ್ಟದ್ದು ಹೊಸ ನಮೂನೆಯ ಪುಟ್ಟ ಬೋರ್ಡು. ಅಲ್ಲೇ ಕೌಂಟರಿನ ಮೇಲೆ ಜೋಡಿಸಿ ನೋಡಿದೆ. ಕರೆಂಟನ್ನು ಕ್ಷಣಕ್ಷಣಕ್ಕೂ ಕತ್ತರಿಸಿ ಕೊಡುವಂಥದು. ಮೋಟಾರು ಕೀಚಲು ದನಿ ತೆಗೆಯಿತು. ಬೇಡವೆಂದೆ. ತಂತಿ ಸುತ್ತಿದ ಹಳೇ ಕಾಲದ ತಿರುಪೇ ಬೇಕೆಂದು ಪಟ್ಟು ಹಿಡಿದಾಗ, ಅವರು ಗೊಣಗುತ್ತ ಸ್ಟೂಲು ಹತ್ತಿ, ಮೇಲಿನ ಡಬ್ಬವೊಂದರಿಂದ ತೆಗೆದು, ದೂಳು ಕೊಡವಿ ಕೊಟ್ಟರು. ಅದರಲ್ಲಿ ಎಂಜಿನ್ನು ಬರೀ ಉಸಿರಾಡಿತು.

ಭಾನುವಾರ ಬೆಳಿಗ್ಗೆ ವಾಚನಾಲಯದ ಉದ್ದ ಮೇಜಿನ ಒಂದು ತುದಿಯಲ್ಲಿ ಬರಿ ಹಳಿಯನ್ನಷ್ಟೇ ಜೋಡಿಸಿದೆ. ಇನ್ನೊಂದು ತುದಿಯಲ್ಲಿ ತಾತಂದಿರು ಪೇಪರನ್ನು ಹಾಳೆಹಾಳೆಯಾಗಿ ಹಂಚಿಕೊಂಡಿದ್ದರು. ಮೇಡಂ ಕೈಕಟ್ಟಿ ನಿಂತರು. ತಿರುಪು ತಿರುಗಿಸಿದೆ. ರೈಲು ಕೊರಟಗೆರೆಯ ತಿರುವು ದಾಟಿತು, ಪಾವಗಡವನ್ನೂ ದಾಟಿತು. ಯಾರೂ ನೋಡಲಿಲ್ಲ. ನಾಲ್ಕನೆಯ ಸುತ್ತಿಗೆ ಕರೆಂಟ್ ಹೋಗಿ, ಮೂಲೆಯ ಯುಪಿಎಸ್ ಟಿಕ್ ಎಂದಿತು. ಕನ್ನಡಕದ ತಾತ ಪೇಪರ್ ಇಳಿಸಿ, ಹುಬ್ಬು ಗಂಟಿಕ್ಕಿ, ನಮ್ಮತ್ತ ತಿರುಗಿದರು. ನಾನು ತಿರುಪನ್ನು ಒಂಚೂರು ಹಿಂದಕ್ಕೆ ತಿರುಗಿಸಿದೆ.

"ಏನಮ್ಮ ಮೇಡಮ್ಮು, ಆ ಫ್ಯಾನಿಗೆ ಏನಾಗದೆ? ಗುಂಯ್ ಅಂತಾನೇ ಅದೆ! ಆಪ್ ಮಾಡಿ ಅತ್ಲಾಗೆ!"

ಮೇಡಂ ಹೋಗಿ ಫ್ಯಾನ್ ಆರಿಸಿದರು. ಕೋಣೆಯಲ್ಲಿ ಪೇಪರ್ ಮಗುಚುವ ಸದ್ದಷ್ಟೇ ಉಳಿಯಿತು, ರೈಲು ಓಡುತ್ತಲೇ ಇತ್ತು. ಮೇಡಂ ಅದು ಇನ್ನೊಂದು ಸುತ್ತು ಮುಗಿಸುವುದನ್ನು ನೋಡಿದರು. ಆಮೇಲೆ ಕಿಟಕಿಯ ಬಳಿ ಹೋಗಿ ಮ್ಯಾಗಝೀನ್ ಸ್ಟ್ಯಾಂಡಿನ ಒಂದು ತುದಿ ಹಿಡಿದು, "ಆ ಕಡೆ ಹಿಡ್ಕಳಮ್ಮ, ಎತ್ತು. ನಿನ್ನ ಬೆಟ್ಟಕ್ಕೆ ಜಾಗ ಬೇಕಲ್ಲ" ಎಂದರು.