ಗೆಳತಿಗೆ ನನ್ನ ಮೇಲೆ ಹೊಟ್ಟೆಕಿಚ್ಚು

ಬಸ್ತಿಹಳ್ಳಿಯ ಬಸದಿಯ ಮುಂದೆ ಬಿಳಿಯ ಪ್ರವಾಸಿ ಹೆಂಗಸೊಬ್ಬರು ಫೋಟೋ ತೆಗೆದುಕೊಡಿ ಎಂದು ನಗುತ್ತಾ ಮೊಬೈಲ್ ಚಾಚಿದರು. ಜೊತೆಗಿದ್ದ ಗೆಳತಿ ಶೋಭಾ ತಟ್ಟನೆ ನನ್ನ ಬೆನ್ನ ಹಿಂದೆ ಸರಿದಳು. ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

ನನಗೆ ಆಶ್ಚರ್ಯ. ಅವಳು ಐರ್ಲೆಂಡಿನಲ್ಲಿ ನರ್ಸ್, ರಜೆಗೆ ಊರಿಗೆ ಬಂದಿದ್ದಳು. ಅಲ್ಲಿನ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಪರೀಕ್ಷೆಯನ್ನು ಇಬ್ಬರೂ ಒಟ್ಟಿಗೆ ಬರೆದಿದ್ದೆವು. ಅವಳು ಪಾಸಾಗಿ ಹೋದಳು, ನಾನು ಫೇಲಾಗಿ ಬೇಲೂರಿನ ನರ್ಸಿಂಗ್ ಹೋಮಿನಲ್ಲೇ ಉಳಿದೆ. ಅಂದೂ ಬೆಳಗಿನಿಂದ ಅವಳ ಬೂಟು, ವಾಚು, ತುಂಬಿಕೊಂಡ ಕೆನ್ನೆ ನೋಡಿ ಒಳಗೊಳಗೇ ಕುದಿಯುತ್ತಿದ್ದೆ.

ಫೋಟೋ ತೆಗೆದುಕೊಟ್ಟು, "ಏನಾಯ್ತೇ?" ಎಂದೆ.

"ಹೋದ ತಿಂಗಳು ಡ್ಯೂಟಿ ಮುಗ್ಸಿ ಬಸ್ಸಿಗೆ ಕಾಯ್ತಿದ್ದೆ ಕಣೇ. ಒಬ್ಳು ಬಿಳಿ ಹೆಂಗಸು ಹಿಂಗೇ ನಗ್ತಾ ಹತ್ರ ಬಂದು, ನಿನ್ನ ದೇಶಕ್ಕೆ ತೊಲಗು ಅಂತ ಮುಖಕ್ಕೆ ಉಗುಳಿದ್ಲು. ಸುತ್ತ ಜನ ಇದ್ರು, ಒಬ್ರೂ ತುಟಿ ಬಿಚ್ಚಲಿಲ್ಲ. ಅವತ್ತು ಆಸ್ಪತ್ರೇಲಿ ಆ ಬಿಳಿಯರ ಪೈಕಿನೇ ಒಬ್ಬ ಮುದುಕಿಗೆ ಸ್ನಾನ ಮಾಡ್ಸಿ, ತಲೆ ಬಾಚಿ ಬಂದಿದ್ದೆ."

ಹೇಳುತ್ತಾ ಅವಳು ಏನೂ ಇಲ್ಲದ ಕೆನ್ನೆಯನ್ನು ಕರ್ಚೀಫಿನಿಂದ ಒರೆಸಿಕೊಂಡಳು. "ನೀನು ಬೇಲೂರು ಬಸ್ ಸ್ಟ್ಯಾಂಡಲ್ಲಿ ಯಾರಿಗೂ ಹೆದರದೆ ನಿಂತ್ಕೋತೀಯಲ್ಲ, ಅದನ್ನ ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ ಕಣೇ."

ಮರುವಾರ ಶೋಭಾ ವಾಪಸ್ ಹೋದಳು. ಅವಳ ಮಾತು ಕೇಳಿ ಕರುಳು ಹಿಂಡಿದ್ದು ನಿಜ. ಆದರೆ ಸುಳ್ಳೇಕೆ, ನನ್ನನ್ನು ಕಂಡು ಅವಳೂ ಕರುಬುತ್ತಾಳೆ ಎಂದು ತಿಳಿದಾಗ ಒಂದು ಕ್ಷಣ ನನಗೆ ಖುಷಿಯಾಗಿತ್ತು. ಆ ಖುಷಿ ನೆನೆದರೆ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.