ಗಾಡಿ ಚಾಲೂ ಆಗವಲ್ದು

ನಮ್ಮ ಕಾರಿಗೆ ನನ್ನನ್ನು ಕಂಡರೆ ಆಗುವುದಿಲ್ಲ ಎಂಬ ಅನುಮಾನ ಮೊದಲಿನಿಂದಲೂ ಇತ್ತು. ಈ ಚಳಿಗಾಲದಲ್ಲಿ ಅದು ಖಾತ್ರಿಯಾಯಿತು. ನನ್ನ ಹೆಂಡತಿ ಸುನಂದಾ ಕೀಲಿ ತಿರುವಿದರೆ ಮರುಮಾತಿಲ್ಲದೆ ಚಾಲೂ ಆಗುವ ಗಾಡಿ, ನಾನು ತಿರುವಿದರೆ ಕರ್ರ್ ಕರ್ರ್ ಎಂದು ಗಂಟಲು ಕೆರೆದುಕೊಂಡು, ಬಂದ ಸೀನು ಅರ್ಧಕ್ಕೇ ನಿಂತವರ ಹಾಗೆ ಸುಮ್ಮನಾಗಿಬಿಡುತ್ತದೆ. ಡ್ರೈವಿಂಗನ್ನು ನಾವಿಬ್ಬರೂ ಒಟ್ಟಿಗೇ ಕಲಿಯಲು ಹೋದವರು, ನಾನು ಶಾಲೆಯ ಕನ್ನಡ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ. ಅವಳು ಕಲಿತಳು, ನಾನು ಪಾಸಾದೆ.

ಆ ಸುನಂದಾ ಈಗ ಮಿರಜದಲ್ಲಿದ್ದಾಳೆ. ಮಗಳ ಚೊಚ್ಚಲ ಹೆರಿಗೆ ನಮ್ಮಲ್ಲೇ, ಉಗಾರದಲ್ಲೇ ಆಗಿತ್ತು. ಎರಡನೆಯದು ಗಂಡನ ಮನೆಯಲ್ಲಾಯಿತು. ಬೀಗಿತ್ತಿಗೆ ಮೊಣಕಾಲು ನೋವು, ಮಗಳಿಗೆ ಬಾಣಂತನ. ಹೀಗಾಗಿ ಸುನಂದಾ ಎರಡು ಚೀಲ ಹಿಡಿದುಕೊಂಡು ಬಸ್ಸು ಹತ್ತಿದಳು. ಉಗಾರಕ್ಕೂ ಮಿರಜಕ್ಕೂ ಏನು ಮಹಾ ದೂರ? ಕಾಗವಾಡ ದಾಟಿ ಸ್ವಲ್ಪ ಹೋದರೆ ಬಂತು. ಆದರೆ ಹೆಣ್ಣು ಕೊಟ್ಟವನು ಮಗಳ ಮನೆಗೆ ಸುಮ್ಮಸುಮ್ಮನೆ ಹೋಗಿ ಕೂಡುವುದು ಹೇಗೆ? ಏನಾದರೊಂದು ಕಾರಣ ಬೇಕು. ಕಾರಣವಿಲ್ಲದೆ ನಾನು ಮನೆಯಲ್ಲೇ ಉಳಿದೆ. ಕಬ್ಬಿನ ಟ್ರ್ಯಾಕ್ಟರುಗಳು ದೊಡ್ಡ ದನಿಯಲ್ಲಿ ಹಾಡು ಹಚ್ಚಿಕೊಂಡು ನಮ್ಮ ಬಾಗಿಲ ಮುಂದೆ ಹಾಯುತ್ತವೆ. ಸುನಂದಾ ಇದ್ದರೆ ಪ್ರತಿಯೊಬ್ಬ ಚಾಲಕನಿಗೂ ಕಟ್ಟೆಯ ಮೇಲೆ ನಿಂತು ಬೈಯುತ್ತಿದ್ದಳು. ಈಗ ಬೈಯುವವರಿಲ್ಲ, ಹಾಡು ಪೂರ್ತಿ ಕೇಳಿಸುತ್ತದೆ. ಪೂರ್ತಿ ಕೇಳಿದಾಗಲೇ ಗೊತ್ತಾದದ್ದು, ಅವು ಅಷ್ಟೇನೂ ಚೆಂದದ ಹಾಡುಗಳಲ್ಲ.

ಒಂದು ಬೆಳಿಗ್ಗೆ ಅವಳ ಫೋನು ಬಂತು. "ಕೂಸು ಹಾಸಿಗಿ ಮ್ಯಾಲ ಮಲಗವಲ್ದು ನೋಡ್ರಿ. ಹೆಗಲ ಮ್ಯಾಲಿದ್ರ ನಿದ್ದಿ, ಇಳಿಸಿದ್ರ ಎಚ್ಚರ. ನನ್ನ ಭುಜಾ ಬಿದ್ದು ಹೋಗ್ಯಾವ. ಅಟ್ಟದ ಮ್ಯಾಲಿನ ಕಟಗಿ ತೊಟ್ಟಿಲಾ ಕಳಿಸಿಕೊಡ್ರಿ."

ಕಳಿಸಿಕೊಡ್ರಿ ಎಂದದ್ದನ್ನು ನಾನು ತಗೊಂಡು ಬರ್ರಿ ಎಂದೇ ಕೇಳಿಸಿಕೊಂಡೆ. ಅಟ್ಟ ಹತ್ತಿ ತೊಟ್ಟಿಲು ಇಳಿಸಿ, ಬಿಚ್ಚಿ, ಎಣ್ಣೆ ಸವರಿ ಒರೆಸಿ, ಕಾರಿನ ಹಿಂದಿನ ಸೀಟಿನಲ್ಲಿಟ್ಟೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ. ಕೀಲಿ ತಿರುವಿದೆ. ಕರ್ರ್ ಕರ್ರ್. ಮತ್ತೆ ತಿರುವಿದೆ. ಅದೇ ಸೀನು, ಅದೇ ಅರ್ಧ.

ಕೆಟ್ಟುನಿಂತ ಕಾರಿಗೂ ಜ್ವರ ಬಂದ ಮನುಷ್ಯನಿಗೂ ಒಂದು ಹೋಲಿಕೆಯಿದೆ. ಹಾದು ಹೋಗುವವರೆಲ್ಲ ಅರೆಗಳಿಗೆ ನಿಂತು ಔಷಧ ಹೇಳುತ್ತಾರೆ. ಹಾಲು ಹಾಕುವವನು ಪೆಟ್ರೋಲಿನಲ್ಲಿ ನೀರು ಸೇರಿದೆ ಎಂದ. ಪಕ್ಕದ ಮನೆಯ ಅಪ್ಪಾಸಾಹೇಬರು, ದ್ರಾಕ್ಷಿ ತೋಟದವರು, ಬಾನೆಟ್ಟಿನೊಳಗೆ ತಲೆ ಹಾಕಿ, "ಬ್ಯಾಟರಿ ಸತ್ತೈತ್ರಿ ಮಾಸ್ತರ," ಎಂದು ತೀರ್ಪು ಕೊಟ್ಟರು. ಇಬ್ಬರೂ ಕೂಡಿ ಬ್ಯಾಟರಿಯ ತುದಿಗಳಿಗೆ ಹತ್ತಿದ್ದ ಬಿಳಿ ಪುಡಿಯನ್ನು ಬಿಸಿನೀರಿನಿಂದ ತೊಳೆದೆವು. ಕರ್ರ್ ಎನ್ನುವ ದನಿ ಗಟ್ಟಿಯಾಯಿತು. ಗಾಡಿ ಮಾತ್ರ ಚಾಲೂ ಆಗಲಿಲ್ಲ.

ಅಪ್ಪಾಸಾಹೇಬರು ಕೈ ಒರೆಸಿಕೊಳ್ಳುತ್ತ, "ನಾಳೆ ನನ್ನ ಪಿಕಪ್ ಮಿರಜಕ್ಕ ದ್ರಾಕ್ಷಿ ಒಯ್ಯತೈತಿ. ತೊಟ್ಟಿಲಾ ಅದರಾಗ ಇಟ್ಟಬಿಡ್ರಿ," ಎಂದರು.

"ಬ್ಯಾಡ್ರಿ. ಹಳೇ ಕಟಗಿ. ಭಾಳ ನಾಜೂಕೈತಿ," ಎಂದೆ.

"ದ್ರಾಕ್ಷಿಗಿಂತ ನಾಜೂಕೇನ್ರಿ?"

ಅವರು ನನ್ನ ಇಸ್ತ್ರಿಯ ಅಂಗಿಯನ್ನೊಮ್ಮೆ ನೋಡಿ, ನಗದೆ, ಮನೆಗೆ ಹೋದರು. ಅವರು ದೊಡ್ಡ ಮನಸ್ಸಿನವರು.

ಅಂದಿನಿಂದ ದಿನವೂ ಮಿರಜಕ್ಕೆ ಫೋನು. ಇವತ್ತು ಬ್ಯಾಟರಿ ಚಾರ್ಜ್ ಮಾಡಿಸಿದೆ. ಇವತ್ತು ಪ್ಲಗ್ಗು ಬಿಚ್ಚಿ ಒರೆಸಿದೆ. ಇವತ್ತು ಒಂದು ಸಲ ಹಿಡಿದಂಗ ಮಾಡಿ ಬಿಟ್ಟಿತು. ಸುನಂದಾ ಎಲ್ಲ ಕೇಳಿ, "ಹಂಗಾರ ಪಿಕಪ್‌ನ್ಯಾಗ ಕಳಿಸ್ರಿ," ಎನ್ನುತ್ತಿದ್ದಳು. ನಾನು ಮತ್ತೆ ಪ್ಲಗ್ಗಿನ ವಿಷಯ ಎತ್ತುತ್ತಿದ್ದೆ. ಆ ಕಡೆ ಕೂಸು ಅಳುವುದು ಕೇಳಿಸಿದಾಗ ಮಾತ್ರ ಮನಸ್ಸು ಚುಚ್ಚುತ್ತಿತ್ತು. ಕಡೆಗೆ ಕುಡಚಿಯ ಮೆಹಬೂಬ ಮಿಸ್ತ್ರಿಯನ್ನು ಕರೆಸಿದೆ.

ಮೆಹಬೂಬ ಒಂದು ತಾಸು ಅಲ್ಲಿ ಇಲ್ಲಿ ತಡಕಾಡಿದ. ಮೊದಲು ಅವನೂ ಪ್ಲಗ್ಗನ್ನೇ ಅನುಮಾನಿಸಿದ. ಆಮೇಲೆ ತಲೆ ಕೆರೆದುಕೊಂಡು ಪೆಟ್ರೋಲ್ ಪಂಪಿಗೆ ಬಂದ. "ಪಂಪ್ ಜರಾ ಸೋತೈತಿ, ಸರ್. ರಾತ್ರಿ ನಿಂತ್ರ ಪೈಪಿನಾಗಿನ ಪ್ರೆಶರ್ ಇಳದ ಹೋಗತೈತಿ. ಹೊಸಾ ಪಂಪ್ ಬರೂತನಾ ಒಂದ್ ಕೆಲಸಾ ಮಾಡ್ರಿ. ಕೀಲಿ ಅರ್ಧಾ ತಿರುವಿ, ಲೈಟ್ ಹತ್ತಿದ ಮ್ಯಾಲ ಸುಮ್ಮ ಕುಂಡ್ರಿ. ಪಂಪ್ ಪೆಟ್ರೋಲ್ ಏರಸತೈತಿ. ಆಮ್ಯಾಲ ಸ್ಟಾರ್ಟ್ ಮಾಡ್ರಿ."

ನಮ್ಮ ಹಳೆಯ ಕಾವ್ಯಗಳ ರೀತಿಯೂ ಇದೇ ಅಲ್ಲವೇ ಎಂದು ನನ್ನೊಳಗಿನ ಮಾಸ್ತರನಿಗೆ ಅನಿಸಿತು. ಅವೂ ಒಂದೇ ಏಟಿಗೆ ಕಥೆ ಸುರು ಮಾಡುವುದಿಲ್ಲ. ದೇವರು, ಗುರು, ಹಿಂದಿನ ಕವಿಗಳು ಎಲ್ಲರನ್ನೂ ನೆನೆದ ಮೇಲೆಯೇ ನಾಯಕನ ಊರು. ಪರೀಕ್ಷೆಗೆ ಬರುವುದಿಲ್ಲವೆಂದು ಪೀಠಿಕೆಯ ಪದ್ಯಗಳನ್ನು ಹಾರಿಸುತ್ತಿದ್ದ ಮಾಸ್ತರ ನಾನು. ಆದರೆ ಸುನಂದಾಳಿಗೆ ಈ ಪೀಠಿಕೆಯ ಗುಟ್ಟು ಹೇಗೆ ಗೊತ್ತು? ಫೋನು ಮಾಡಿ ಕೇಳಿದೆ.

"ಪಂಪು ಗಿಂಪು ನನಗೇನ್ ಗೊತ್ರಿ?" ಎಂದಳು. "ನಾ ಕೀಲಿ ತಿರುವಿ ರೇಡಿಯೋ ಹಚ್ಚಿ ನಿಮ್ಮ ಹಾದಿ ನೋಡ್ಕೋತ ಕುಂಡ್ರತಿದ್ನಿ. ನೀವು ಬಾಗಲಾ ಹಾಕಬೇಕು, ಹಾಕಿದ ಕೀಲಿ ಜಗ್ಗಿ ನೋಡಬೇಕು, ಚಸ್ಮಾ ಮರತು ಮತ್ತ ಒಳಗ ಹೋಗಬೇಕು. ನೀವು ಬಂದು ಕುಂತ ಮ್ಯಾಲ ಗಾಡಿ ಚಾಲೂ ಮಾಡತಿದ್ನಿ. ಅಷ್ಟ."

ಅವಳು ಫೋನಿಟ್ಟ ಮೇಲೂ ನಾನು ಅಂಗಳದಲ್ಲೇ ನಿಂತಿದ್ದೆ. ಇಷ್ಟು ವರ್ಷ ಗಾಡಿ ನಡೆದದ್ದು ಅವಳು ನನಗಾಗಿ ಕಾದದ್ದರಿಂದ. ನಾನಾದರೋ ಒಬ್ಬನೇ ಕೂತವನು, ಯಾರಿಗೆ ಕಾಯಲಿ? ಕೂತ ಕೂಡಲೇ ಕೀಲಿ ತಿರುವುತ್ತಿದ್ದೆ.

ಮರುದಿನ ಬೆಳಿಗ್ಗೆ ಕೀಲಿ ಅರ್ಧ ತಿರುವಿ ಕುಳಿತೆ. ಪಕ್ಕದ ಸೀಟು ನೋಡಿದೆ. ಹಾಕಿದ ಬಾಗಿಲು ನೋಡಿದೆ. ಯಾರೂ ಬರಲಿಲ್ಲ. ಆದರೂ ಬರುವವರಿದ್ದಾರೆ ಎಂಬಷ್ಟು ಹೊತ್ತು ಕಾದು ಪೂರ್ತಿ ತಿರುವಿದೆ. ಗಾಡಿ ಚಾಲೂ ಆಯಿತು.

ಮಿರಜದಲ್ಲಿ ಬೀಗರು, "ಯಾ, ಯಾ, ಬಸಾ," ಎಂದು ಮರಾಠಿಯಲ್ಲಿ ಬರಮಾಡಿಕೊಂಡರು. ಅಳಿಯ ತೊಟ್ಟಿಲು ಜೋಡಿಸಿ ಕಟ್ಟಿದ. ಮೊಮ್ಮಗಳು ನಾಲ್ಕು ತೂಗಿಗೆ ಕಣ್ಣು ಮುಚ್ಚಿದಳು. ಮನೆಗೆ ಮನೆಯೇ ಉಸಿರು ಬಿಟ್ಟಿತು. ಆ ಮನೆಯಲ್ಲಿ ಎಲ್ಲೆಲ್ಲೂ ಮಂದಿ. ಗಂಡ ಹೆಂಡತಿ ಎರಡು ಮಾತಾಡಲು ಮೂಲೆಯೊಂದಿರಲಿಲ್ಲ. ಊಟವಾದ ಮೇಲೆ ಸುನಂದಾ, "ಗಾಡ್ಯಾಗ ಹಗ್ಗ ಉಳಿದೈತೇನ ನೋಡೂಣ," ಎಂದು ಹೊರಗೆ ಬಂದು ಮುಂದಿನ ಸೀಟಿನಲ್ಲಿ ಕೂತಳು. ಹಗ್ಗವನ್ನು ಇಬ್ಬರೂ ಹುಡುಕಲಿಲ್ಲ. ಅವಳು ಸೊರಗಿದ್ದಳು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು.

"ತೊಟ್ಟಿಲಾ ಒಂದ್ ನೆವಾ," ಎಂದೆ. "ಮನ್ಯಾಗ ನನಗ ಹೊತ್ತ ಹೋಗವಲ್ದು, ಸುನಂದಾ."

ಇಂಥ ಮಾತು ನಾನು ಮದುವೆಯಾದಾಗಿನಿಂದ ಆಡಿದವನಲ್ಲ. ಅವಳು ಗಾಜಿನಾಚೆ ರಸ್ತೆಯನ್ನೇ ನೋಡಿದಳು. ಸೆರಗಿನಿಂದ ಡ್ಯಾಶ್‌ಬೋರ್ಡಿನ ಧೂಳು ಒರೆಸಿದಳು, ಇದ್ದ ಧೂಳಿಗಿಂತ ಹೆಚ್ಚು ಹೊತ್ತು.

"ಇದನ್ನ ಫೋನಿನ್ಯಾಗ ಹೇಳಬೇಕಿತ್ತಿಲ್ರಿ? ಬ್ಯಾಟರಿ, ಪ್ಲಗ್ಗು ಅಂತ ನನ್ನ ತಲಿ ತಿಂದ್ರಿ," ಎಂದಳು. ಆಮೇಲೆ, "ನಾ ಬರಾಕ ಇನ್ನೂ ಎರಡ ತಿಂಗಳೈತಿ. ಐತವಾರ ಐತವಾರ ಬರ್ರಿ."

"ಏನಂತ ಬರ್ಲಿ?"

"ಸುಮ್ಮ ಬರ್ರಿ."

ಹೊರಡುವ ಹೊತ್ತಿಗೆ ಎಲ್ಲರೂ ಬಾಗಿಲಿಗೆ ಬಂದು ನಿಂತರು. ಈ ಗಾಡಿ ಚಾಲೂ ಆಗದಿರಲಿ ಎಂದು ಜೀವಮಾನದಲ್ಲಿ ಮೊದಲ ಸಲ ಬೇಡಿಕೊಂಡೆ. ಬೇಕೆಂದೇ ಒಂದು ಕ್ಷಣವೂ ಕಾಯದೆ ಕೀಲಿ ತಿರುವಿದೆ. ಬೆಳಿಗ್ಗೆಯಷ್ಟೇ ಓಡಿ ಬಂದು ಬಿಸಿಲಿಗೆ ಬೆಚ್ಚಗಾಗಿದ್ದ ಇಂಜಿನ್ನು ಒಂದೇ ಏಟಿಗೆ ಚಾಲೂ ಆಯಿತು. ಸುನಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಬೀಗರು ಮಾತ್ರ ಏನೂ ತಿಳಿಯದೆ, ಗಾಡಿ ಬಹಳ ಚೆನ್ನಾಗಿದೆ ಎಂದು ಹೊಗಳಿದರು.